ನಾಲ್ಕನೇ ನಾಬ್

ಐವತ್ತರ ಹತ್ತಿರ ಬಂದ ಹೆಂಗಸನ್ನು ಊರಿಗೆ ಊರೇ 'ತಂಗಿ' ಎಂದು ಕರೆಯುವುದು ಯಾವ ನ್ಯಾಯ? ಅಣ್ಣ ಕರೆದರೆ ಸರಿ, ಅವನಿಗೆ ಆ ಹಕ್ಕಿದೆ. ಆದರೆ ಅಣ್ಣನ ಆರ್ಕೆಸ್ಟ್ರಾದಲ್ಲಿ ಪ್ಯಾಡ್ ಬಡಿಯುವವನಿಗೂ ಅವಳು ತಂಗಿ, ಹಾಲ್‌ನ ಕಾವಲುಗಾರನಿಗೂ ತಂಗಿ, ಕುರ್ಚಿ ಬಾಡಿಗೆಗೆ ಕೊಡುವವನಿಗೂ ತಂಗಿ. ಗಿಟಾರಿನವನಂತೂ ಅವಳ ಮಗನ ವಯಸ್ಸಿನವನು. ಮರ್ಯಾದೆ ತಪ್ಪಬಾರದೆಂದು ಅವನು 'ತಂಗಿಯವರೇ' ಎನ್ನುತ್ತಿದ್ದ. ಇದನ್ನು ಕೇಳಿ ನಕ್ಕವರಲ್ಲಿ ಮೊದಲಿಗಳು ಅವಳೇ. ಅವಳ ಗುಣವೇ ಅಂಥದ್ದು, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಅದನ್ನೇ ಎಲ್ಲರೂ ಚೆನ್ನಾಗಿ ಬಳಸಿಕೊಂಡರು.

ಅವರ ಅಪ್ಪನಿಗೆ ಒಂದು ಹಾರ್ಮೋನಿಯಂ ಇತ್ತು. ಎರಡೂ ಕೈಯಲ್ಲಿ ನುಡಿಸಬೇಕೆಂಬ ಶೋಕಿ ಅವರಿಗೆ. ಎರಡೂ ಕೈ ಮೇಲಿದ್ದರೆ ತಿದಿ ಒತ್ತುವವರು ಯಾರು? ಪುಟ್ಟ ತಂಗಿ. ಅಪ್ಪ ನುಡಿಸುತ್ತಿದ್ದರು, ಅಣ್ಣ ಹಾಡುತ್ತಿದ್ದ, ಮನೆಗೆ ಬಂದವರು 'ಅಪ್ಪನಿಗೆ ತಕ್ಕ ಮಗ' ಎಂದು ತಲೆದೂಗುತ್ತಿದ್ದರು. ಪೆಟ್ಟಿಗೆಯ ಹಿಂದೆ ಕೂತು ಗಾಳಿ ಹಾಕುತ್ತಿದ್ದವಳನ್ನು ಕೈ ನೋಯುತ್ತದೆಯೇ ಎಂದು ಕೇಳಿದ ಒಂದು ನರಪಿಳ್ಳೆಯೂ ಇರಲಿಲ್ಲ. ಅಪ್ಪ ಕೆಲಸಕ್ಕೆ, ಅಣ್ಣ ಆಟಕ್ಕೆ ಹೋದ ಮಧ್ಯಾಹ್ನಗಳಲ್ಲಿ ಅವಳು ಒಂದು ಕೈಯಲ್ಲಿ ತಿದಿ ಒತ್ತುತ್ತ, ಇನ್ನೊಂದು ಕೈಯಲ್ಲಿ ಸ್ವರ ಹುಡುಕುತ್ತ ತಾನೇ ಕಲಿತಳು. ಹೇಳಿಕೊಟ್ಟವರಿಲ್ಲ, ಕೇಳಿದವರೂ ಇಲ್ಲ.

ದೊಡ್ಡವಳಾಗಿ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು. ಗಾಜಿನ ಅಂಚು ತಿಕ್ಕಿ, ಫ್ರೇಮಿಗೆ ಕೂರಿಸಿ, ಒರೆಸಿ ಕೊಡುವ ಕೆಲಸ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ 'ಪುರುಸೊತ್ತು ಸಿಗಲಿಲ್ಲ ನೋಡಿ' ಎನ್ನುತ್ತಿದ್ದಳು. ಅಣ್ಣನ ಮನೆಯ ಮಹಡಿಯ ಮೇಲೆ ಒಂದು ಕೋಣೆ, ಒಂದು ಕಿಟಕಿ, ಕಿಟಕಿಯ ಪಕ್ಕದಲ್ಲಿ ಅವಳ ಕೀಬೋರ್ಡ್. ಅಣ್ಣ ಆರ್ಕೆಸ್ಟ್ರಾ ಕಟ್ಟಿದಾಗ ಅವಳನ್ನೂ ಸೇರಿಸಿಕೊಂಡ. ಮುಖ್ಯ ಕೀಬೋರ್ಡ್ ನುಡಿಸಲು ಒಬ್ಬರು ಮಾಸ್ಟರ್ ಇದ್ದರು, ಇವಳದು ಎರಡನೆಯದು. ಹಾಡಿನ ನಡುವೆ ಕೊಳಲಿನ ದನಿ, ಪಿಟೀಲಿನ ದನಿ ಬರಬೇಕಾದಾಗ ಅದನ್ನು ನುಡಿಸುವುದು ಅವಳ ಪಾಲು. ಮದುವೆಯ ಸಂಜೆಗಳು, ನಿವೃತ್ತಿಯ ಬೀಳ್ಕೊಡುಗೆಗಳು, ಶಾಲೆಗಳ ವಾರ್ಷಿಕೋತ್ಸವ, ಎಲ್ಲಿಗೆ ಕರೆದರೂ ಈ ತಂಡ ಹೋಗುತ್ತಿತ್ತು.

ಆಗೆಲ್ಲ ಒಂದು ದೊಡ್ಡ ತಾಪತ್ರಯವಿತ್ತು. ಹಾಲ್‌ಗಳ ಆಂಪ್ಲಿಫೈಯರ್‌ಗಳಲ್ಲಿ ಮೈಕ್‌ಗಳನ್ನು ಬಿಟ್ಟರೆ ವಾದ್ಯಕ್ಕೆಂದು ಒಂದೇ ಜಾಗ ಇರುತ್ತಿತ್ತು. ಹಾಡಿನ ನಡುವೆ ಗಿಟಾರಿನ ವೈರ್ ಕಿತ್ತು ಕೀಬೋರ್ಡಿನದು ಚುಚ್ಚಬೇಕು, ಅದನ್ನು ಕಿತ್ತು ಪ್ಯಾಡಿನದು. ಪ್ರತಿ ಸಲವೂ ಸ್ಪೀಕರಿನಿಂದ 'ಧಡ್' ಎಂದು ಸದ್ದು, ಮುಂದಿನ ಸಾಲಿನ ಮಕ್ಕಳ ಅಳು. ಎಲ್ಲರೂ ಒಟ್ಟಿಗೆ ಕೇಳಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡವಳು ತಂಗಿ ಒಬ್ಬಳೇ. ಅಂಗಡಿ ಅಂಗಡಿ ಅಲೆದು ಕೊನೆಗೆ ಒಂದು ಪುಟ್ಟ ಮಿಕ್ಸರ್ ತಂದಳು. ಊಟದ ಡಬ್ಬಿಯಷ್ಟು ದೊಡ್ಡದು, ಅಗ್ಗದ್ದು. ನಾಲ್ಕು ವೈರ್ ಒಳಗೆ, ಒಂದು ವೈರ್ ಹೊರಗೆ, ಮೇಲೆ ಒಬ್ಬೊಬ್ಬರ ಸದ್ದು ಏರಿಸಿ ಇಳಿಸಲು ನಾಲ್ಕು ನಾಬ್, ಒಂದು ಕೆಂಪು ದೀಪ, ಹೊಟ್ಟೆಯಲ್ಲಿ ಒಂದು ಬ್ಯಾಟರಿ. 'ಮೈಕ್ ಹಾಕಬೇಡಿ ಅಮ್ಮ, ಇದು ವಾದ್ಯಗಳಿಗೆ ಮಾತ್ರ' ಎಂದು ಅಂಗಡಿಯವನು ಹೇಳಿದ್ದು ಅವಳಿಗೆ ಬಹಳ ಹಿಡಿಸಿತು. ವಾದ್ಯದವರಿಗೆಂದೇ ಒಂದು ವಸ್ತು! ಹಾಡುವವರು ಇದಕ್ಕೆ ಕೈ ಹಾಕುವಂತಿಲ್ಲ!

ಅವಳ ಭ್ರಮೆ. ಮೊದಲ ಕಾರ್ಯಕ್ರಮದ ದಿನವೇ ಅಣ್ಣ ಡಬ್ಬಿಯನ್ನು ಎತ್ತಿ ತನ್ನ ಹಾಡಿನ ಸ್ಟ್ಯಾಂಡಿನ ಕೆಳಗೆ ಇಟ್ಟುಕೊಂಡ. 'ಇದನ್ನ ಯಾರೂ ಮುಟ್ಟಬಾರದು. ಹೆಚ್ಚು ಕಮ್ಮಿ ಮಾಡೋದು ನಾನೊಬ್ಬನೇ' ಎಂದು ಕಟ್ಟಪ್ಪಣೆ ಮಾಡಿದ. ತಂದವಳು ಅವಳು, ಆಳುವವನು ಅವನು. ಕಾರ್ಯಕ್ರಮ ಮುಗಿದ ಮೇಲೆ ವೈರ್ ಬಿಚ್ಚಿ ಚೀಲಕ್ಕೆ ಹಾಕುವವನೂ ಅವನೇ. ಶುರುವಾಗುವ ಮೊದಲು ಒಬ್ಬೊಬ್ಬರನ್ನೇ ನುಡಿಸಲು ಹೇಳಿ ಪರೀಕ್ಷೆ ಮಾಡುತ್ತಿದ್ದ. ತಂಗಿಯ ಸರದಿ ಬಂದಾಗ ಅವಳು ಕೊಳಲಿನ ದನಿಯಲ್ಲಿ ನಾಲ್ಕು ಸ್ವರ ನುಡಿಸುತ್ತಿದ್ದಳು. ಅಣ್ಣ ಹೆಬ್ಬೆರಳು ಎತ್ತುತ್ತಿದ್ದ. ಅವಳ ಕೀಬೋರ್ಡಿಗೆ ತನ್ನದೇ ಎರಡು ಚಿಕ್ಕ ಸ್ಪೀಕರ್ ಇದ್ದವು, ಅವುಗಳ ಸದ್ದು ಅವಳ ಕಿವಿಗಷ್ಟೇ ಸಾಕಾಗುವಷ್ಟು ಬರುತ್ತಿತ್ತು. ಹಾಲ್‌ನ ದೊಡ್ಡ ಸ್ಪೀಕರ್‌ಗಳು ಜನರ ಕಡೆಗೆ ಮುಖ ಮಾಡಿರುತ್ತವೆ. ವೇದಿಕೆಯ ಮೇಲೆ ಕೂತವಳಿಗೆ ಮುಂದೆ ಏನು ಕೇಳಿಸುತ್ತಿದೆ ಎಂದು ಹೇಗೆ ಗೊತ್ತಾಗಬೇಕು?

ಅಣ್ಣ ಪ್ರತಿ ಸಲವೂ ಕೊನೆಗೆ ಹಾಡುವ ಒಂದು ನಿಧಾನದ ಹಾಡಿತ್ತು. ಅದರ ನಡುವೆ ಉಳಿದ ವಾದ್ಯಗಳೆಲ್ಲ ನಿಂತು ಕೊಳಲು ಒಂದೇ ಬರುವ ಒಂದು ಜಾಗವನ್ನು ತಂಗಿಯೇ ಕೂಡಿಸಿದ್ದಳು. ಇಡೀ ಸಂಜೆಯಲ್ಲಿ ಅವಳದು ಎಂದು ಹೇಳಿಕೊಳ್ಳುವಂಥದ್ದು ಅಷ್ಟೇ. ಸರಿಯಾಗಿ ಆ ಹೊತ್ತಿಗೇ ಅಣ್ಣ ಮೈಕ್ ಹಿಡಿದು, 'ದಯವಿಟ್ಟು ಎಲ್ಲರೂ ಊಟ ಮಾಡ್ಕೊಂಡೇ ಹೋಗಬೇಕು, ಬಿಳಿ ಬಣ್ಣದ ಕಾರು ದಾರಿಗೆ ಅಡ್ಡ ಇದೆ, ಯಾರದ್ದೋ ಸ್ವಲ್ಪ ತೆಗೀರಿ' ಎಂದು ಶುರುಮಾಡುತ್ತಿದ್ದ. ಎಷ್ಟೋ ಸಲ ಅವಳು ಬೇಡಿಕೊಂಡಿದ್ದಳು. 'ಅಣ್ಣ, ನನ್ನ ಕೊಳಲು ಬರುವಾಗ ಮಾತಾಡಬೇಡ್ವೋ.' ಅವನು 'ಆಯ್ತು ಆಯ್ತು' ಎನ್ನುತ್ತಿದ್ದ, ಮತ್ತೆ ಅದೇ ಕಾರು, ಅದೇ ಊಟ. ಅಣ್ಣನಿಗೆ ಬುದ್ಧಿ ಇಲ್ಲ ಎಂದು ಅವಳು ಸುಮ್ಮನಾಗುತ್ತಿದ್ದಳು. ಬುದ್ಧಿ ಅವನಿಗೆ ಬೇಕಾದಷ್ಟಿತ್ತು.

ಒಂದು ಬೆಳಿಗ್ಗೆ ಅಂಗಡಿಗೆ ಒಬ್ಬರು ಹೆಂಗಸು ಬಂದರು. ಹಿಂದಿನ ವಾರ ಅವರ ಮಗಳ ಮದುವೆಯಲ್ಲಿ ಇದೇ ತಂಡ ಹಾಡಿತ್ತು. ಕನ್ನಡಕ ಮೂಗಿನಿಂದ ಜಾರುತ್ತದೆ ಎಂದು ತಂದಿದ್ದರು. ತಂಗಿ ಅದನ್ನು ಸರಿಮಾಡಿ ಅವರ ಕಿವಿಗೆ ಕೂರಿಸುತ್ತಿರುವಾಗ ಅವರು ಗುರುತು ಹಿಡಿದರು.

'ಅರೆ, ನೀವು ಆ ಆರ್ಕೆಸ್ಟ್ರಾದಲ್ಲಿ ಇದ್ರಿ ಅಲ್ವಾ? ನೀವು ಅಲ್ಲಿ ಏನು ಮಾಡ್ತೀರಿ?'

'ಕೀಬೋರ್ಡ್ ನುಡಿಸ್ತೀನಿ.'

'ಅದು ಆ ಮಾಸ್ಟರ್ ಅಲ್ವಾ ನುಡಿಸೋದು?'

'ನಾನೂ ನುಡಿಸ್ತೀನಿ. ಆ ಕೊನೆ ಹಾಡಲ್ಲಿ ಕೊಳಲು ಬರುತ್ತಲ್ಲ, ಅದು ನಂದು.'

'ಕೊಳಲಾ?' ಎಂದು ಆಕೆ ಹುಬ್ಬು ಗಂಟಿಕ್ಕಿ ಫೋನ್ ತೆಗೆದರು. 'ತಡೀರಿ, ಆ ಹಾಡು ಪೂರ್ತಿ ಹಿಡಿದಿದ್ದೀನಿ.'

ಹಾಡು ಬಂತು, ಗಿಟಾರ್ ಬಂತು, ಪ್ಯಾಡ್ ಬಂತು. ಆ ಜಾಗ ಬಂತು. ಪರದೆಯ ಮೇಲೆ ತಂಗಿ ಕಣ್ಣು ಮುಚ್ಚಿಕೊಂಡು, ತಲೆ ಒಂದಿಷ್ಟು ಓಲಿಸುತ್ತ, ಬೆರಳು ಆಡಿಸುತ್ತಿದ್ದಳು. ಸದ್ದೇ ಇಲ್ಲ. ಯಾರೋ ಕೆಮ್ಮಿದ್ದು, ಒಂದು ಕುರ್ಚಿ ಎಳೆದದ್ದು ಚೆನ್ನಾಗಿ ಕೇಳಿಸಿತು. ಮರುಕ್ಷಣವೇ ಅಣ್ಣನ ಮಾತು: ದಯವಿಟ್ಟು ಎಲ್ಲರೂ ಊಟ ಮಾಡ್ಕೊಂಡೇ ಹೋಗಬೇಕು. ಅವನು ಅವಳ ಕೊಳಲಿನ ಮೇಲೆ ಮಾತಾಡುತ್ತಿರಲಿಲ್ಲ. ಅಲ್ಲಿ ಏನೂ ಇರುತ್ತಿರಲಿಲ್ಲ. ಆ ಖಾಲಿ ಜಾಗವನ್ನು ಊಟ ಮತ್ತು ಕಾರಿನಿಂದ ತುಂಬಿಸುತ್ತಿದ್ದ.

'ತಪ್ಪು ತಿಳ್ಕೋಬೇಡಿ' ಎಂದರು ಆಕೆ, 'ಚೆಂದಕ್ಕೆ ಕೂರಿಸಿರ್ತಾರೇನೋ ಅಂದ್ಕೊಂಡಿದ್ದೆ.'

ತಂಗಿ ಕನ್ನಡಕ ಒರೆಸಿ ಕೊಟ್ಟಳು, ನಗಲು ನೋಡಿದಳು, ಆಗಲಿಲ್ಲ. ಅಂದು ಸಂಜೆ ಶಾಲೆಯೊಂದರಲ್ಲಿ ಕಾರ್ಯಕ್ರಮವಿತ್ತು. ವಾದ್ಯದವರೆಲ್ಲರಿಗಿಂತ ಮೊದಲೇ ಹೋದಳು. ಅಣ್ಣ ಡಬ್ಬಿ ಜೋಡಿಸಿಟ್ಟು ಕೈಕಾಲು ತೊಳೆಯಲು ಹೋಗಿದ್ದ. ಅವಳು ಸ್ಟ್ಯಾಂಡಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು. ತಂದ ದಿನ ಬಿಟ್ಟರೆ ಇಷ್ಟು ಹತ್ತಿರದಿಂದ ಅದನ್ನು ನೋಡಿದ್ದು ಇದೇ ಮೊದಲು. ಮೂರು ನಾಬ್‌ಗಳು ಕೈ ಆಡಿ ಆಡಿ ನುಣುಪಾಗಿದ್ದವು. ನಾಲ್ಕನೆಯದು, ಅವಳ ವೈರ್ ಹೋಗುವುದು, ಪೂರಾ ಎಡಕ್ಕೆ, ಸದ್ದೇ ಬಾರದ ಕಡೆಗೆ, ತಿರುಗಿ ಕೂತಿತ್ತು. ಎಲ್ಲೋ ಚೀಲದಲ್ಲಿ ಉಜ್ಜಿ ತಿರುಗಿರಬೇಕು ಎಂದುಕೊಂಡಳು. ನೋಡಿ, ಆಗಲೂ ಅವಳ ಮನಸ್ಸು ಅಣ್ಣನ ಪರವಾಗಿಯೇ ವಾದಿಸುತ್ತಿತ್ತು! ಆಮೇಲೆ ಟೇಪ್ ಕಂಡಿತು. ನಾಬ್ ಅಲುಗಾಡದ ಹಾಗೆ ಅದರ ಮೇಲಿಂದ ಡಬ್ಬಿಯ ಮೈಗೆ ಅಂಟಿಸಿದ ಟೇಪ್. ಅದು ಹಳದಿಗಟ್ಟಿ, ಅಂಚಿನಲ್ಲಿ ಧೂಳು ಮೆತ್ತಿ, ಡಬ್ಬಿಯ ಚರ್ಮವೇ ಆಗಿಹೋಗಿತ್ತು.

ಗಿಟಾರಿನವನು ಬಂದ. ಅವಳು ಏಳಲಿಲ್ಲ.

'ಇದು ಯಾವಾಗಿನಿಂದ ಹೀಗಿದೆ?'

ಅವನು ವೈರ್ ಬಿಚ್ಚುವುದನ್ನು ನಿಲ್ಲಿಸಿದ. 'ನಾನು ತಂಡಕ್ಕೆ ಬಂದಾಗಿನಿಂದ ಹಾಗೇ ಇದೆ ತಂಗಿಯವರೇ.'

'ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?'

'ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ' ಎಂದ ಅವನು. ಅವನ ಮುಖ ಕೆಂಪಾಯಿತು. 'ಗೊತ್ತಿದ್ದೂ ಸುಮ್ಮನೆ... ಹಾಗೆ... ಎಲ್ಲರೂ ಹಾಗೇ ಅಂದ್ಕೊಂಡಿದ್ವಿ.'

ಎಲ್ಲರೂ! ಮಾಸ್ಟರ್‌ಗೆ ಗೊತ್ತು, ಪ್ಯಾಡಿನವನಿಗೆ ಗೊತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಆ ಕೋಣಕ್ಕೆ ಕಿನ್ನರಿ ಕೇಳಿಸುವುದಾದರೂ ಕೇಳಿಸುತ್ತದೆ. ಇವಳಿಗೆ ಕೇಳಲು ಅಂಥ ಒಂದು ಕೋಣನ ಭಾಗ್ಯವೂ ಇರಲಿಲ್ಲ. ಎಲ್ಲರೂ ಒಟ್ಟಿಗೆ ಕೇಳಿಸಲಿ ಎಂದು ತಾನೇ ಹುಡುಕಿ ತಂದ ಡಬ್ಬಿಯಲ್ಲೇ ಅವಳ ಬಾಯಿ ಕಟ್ಟಿದ್ದರು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ. ಆ ಸಂಜೆ ಅವಳು ನುಡಿಸಲು ಕೂರಲಿಲ್ಲ. ತಲೆನೋವು ಎಂದು ಮನೆಗೆ ಬಂದಳು. ಕಾರ್ಯಕ್ರಮ ಎಂದಿನಂತೆ ನಡೆಯಿತು. ಯಾರಿಗೂ ಏನೂ ಕಡಿಮೆ ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಕೆಳಗಿಳಿದು ಬಂದಳು. ಅಣ್ಣ ಪೇಪರ್ ಓದುತ್ತಿದ್ದ, ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದಳು.

'ನಾಲ್ಕನೇ ನಾಬ್‌ಗೆ ಟೇಪ್ ಹಾಕಿದ್ದು ನೀನಾ?'

'ಓ, ಅದಾ' ಎಂದ ಅಣ್ಣ, ಪೇಪರಿನಿಂದ ತಲೆ ಎತ್ತದೆ.

ಇಷ್ಟು ವರ್ಷದ ಮೋಸಕ್ಕೆ 'ಓ, ಅದಾ'! ಹಾಲು ಉಕ್ಕಿತೆಂದರೂ ಜನ ಇದಕ್ಕಿಂತ ಹೆಚ್ಚು ಗಾಬರಿಯಾಗುತ್ತಾರೆ.

'ಹೌದು, ಅದೇ. ಯಾಕೆ ಹಾಕಿದೆ ಹೇಳು.'

'ಒಂದು ಸಲ ನೀನು ತಪ್ಪು ನುಡಿಸಿದೆ. ಯಾರದ್ದೋ ನಿವೃತ್ತಿ ಕಾರ್ಯಕ್ರಮ. ನನ್ನ ಮರ್ಯಾದೆ ಹೋಯ್ತು.'

'ಯಾವ ಹಾಡಲ್ಲಿ?'

'ಅದೆಲ್ಲ ಈಗ ಹೇಗೆ ನೆನಪಿರುತ್ತೆ ತಂಗಿ?'

'ನನ್ನ ಬಾಯಿ ಮುಚ್ಚಿಸೋಷ್ಟು ದೊಡ್ಡ ತಪ್ಪು, ಯಾವ ಹಾಡು ಅಂತ ನಿನಗೇ ನೆನಪಿಲ್ವಾ? ಅವತ್ತೇ ಬೈದಿದ್ರೆ ಆಗ್ತಿರಲಿಲ್ವಾ? ನಾನು ತಿದ್ಕೊಳ್ತಿದ್ದೆ.'

ಅತ್ತಿಗೆ ನಡುವೆ ಬಂದಳು. 'ನಿನಗೆ ನೋವಾಗಬಾರದು ಅಂತ ತಾನೆ ಹೇಳದೆ ಇದ್ದಿದ್ದು. ನಿನ್ನ ಪಾಡಿಗೆ ನೀನು ಖುಷಿಯಾಗಿ ನುಡಿಸ್ತಾ ಇದ್ದೆ. ಯಾಕೆ ಹಾಳು ಮಾಡೋದು ಅಂತ.'

'ನಾನೇನು ಮಗುವಾ ಅತ್ತಿಗೆ, ಕೈಗೊಂದು ಪೀಪಿ ಕೊಟ್ಟು ಮೂಲೆಯಲ್ಲಿ ಕೂರಿಸೋಕೆ?'

'ನಿನ್ನನ್ನ ತಂಡದಿಂದ ತೆಗೆದು ಹಾಕಿದ್ನಾ ನಾನು?' ಎಂದ ಅಣ್ಣ. ಈಗ ಅವನಿಗೂ ಸಿಟ್ಟು ಬಂದಿತ್ತು. ತಪ್ಪು ಮಾಡಿದವರಿಗೆ ಸಿಟ್ಟು ಬಹಳ ಬೇಗ ಬರುತ್ತದೆ. 'ಇನ್ನೊಂದು ಕೀಬೋರ್ಡ್ ಇದ್ರೆ ವೇದಿಕೆ ತುಂಬಿದ ಹಾಗೆ ಕಾಣುತ್ತೆ ಅಂತ ಇಟ್ಕೊಂಡಿದ್ದೀನಿ.'

'ಹಾಗಾದ್ರೆ ನನ್ನ ಜಾಗದಲ್ಲಿ ಒಂದು ಹೂಕುಂಡ ಇಡು. ನೀರು ಹಾಕಿದ್ರೆ ಸಾಕು, ತಲೆನೋವು ಬರಲ್ಲ ಅದಕ್ಕೆ.'

'ನೋಡು, ಕುಣಿಯೋಕೆ ಬಾರದವಳಿಗೆ ನೆಲ ಡೊಂಕು ಅಂತೆ. ಟೇಪ್ ಕಿತ್ತು ಹಾಕಿದೆ ಅಂತಲೇ ಇಟ್ಕೋ. ನೀನು ಸರಿಯಾಗಿ ನುಡಿಸ್ತೀಯ ಅಂತ ಏನು ಗ್ಯಾರಂಟಿ? ಯಾರು ಕೇಳಿದ್ದಾರೆ?'

ಈ ಮಾತು ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. ಮೂಲೆಯಲ್ಲಿದ್ದ ಚೀಲದಿಂದ ಡಬ್ಬಿ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು. 'ಇದು ನಂದು' ಎಂದಷ್ಟೇ ಹೇಳಿ ಮಹಡಿ ಹತ್ತಿದಳು.

ಕನ್ನಡಕದ ಗಾಜು ಒರೆಸುವ ಸ್ಪಿರಿಟ್ ಹಚ್ಚಿ ಟೇಪನ್ನು ಕಿತ್ತಳು. ಸುಲಭಕ್ಕೆ ಬರಲಿಲ್ಲ, ಉಗುರಿನಿಂದ ಕೆರೆದು ಕೆರೆದು ತೆಗೆಯಬೇಕಾಯಿತು. ಅಂಗಡಿಯಲ್ಲಿ ಬಿದ್ದಿದ್ದ ಒಂದು ಹಳೆಯ ಸ್ಪೀಕರನ್ನು ಕೇಳಿ ತಂದು ಕೋಣೆಯ ಆ ತುದಿಗೆ ಇಟ್ಟಳು. ಕೀಬೋರ್ಡಿನ ವೈರನ್ನು ಡಬ್ಬಿಗೆ, ಡಬ್ಬಿಯದನ್ನು ಸ್ಪೀಕರಿಗೆ ಸಿಕ್ಕಿಸಿ, ಕೀಬೋರ್ಡಿನ ಸ್ವಂತ ಸ್ಪೀಕರ್‌ಗಳ ಬಾಯಿಗೆ ಟವೆಲ್ ತುರುಕಿದಳು. ಇನ್ನು ಮೋಸ ಹೋಗುವಂತಿರಲಿಲ್ಲ. ಫೋನನ್ನು ಸ್ಪೀಕರಿನ ಹತ್ತಿರ ಇಟ್ಟು ತನ್ನ ಕೊಳಲಿನ ಜಾಗವನ್ನು ನುಡಿಸಿದಳು. ಆಮೇಲೆ ಹಾಸಿಗೆಯ ಮೇಲೆ ಕೂತು ಕೇಳಿದಳು.

ಚೆನ್ನಾಗಿತ್ತು. ಆದರೆ ಪೂರ್ತಿ ಚೆನ್ನಾಗಿರಲಿಲ್ಲ. ಸ್ವರ ತಿರುಗುವ ಕಡೆಯೆಲ್ಲ ಒಂದು ಕೂದಲೆಳೆ ಹಿಂದೆ ಬೀಳುತ್ತಿದ್ದಳು. ಕಿರುಬೆರಳು ಬಂದಲ್ಲಿ ಸ್ವರ ಒಂದಿಷ್ಟು ಒರಟಾಗಿ ಬೀಳುತ್ತಿತ್ತು. ಇದೇನು ದೊಡ್ಡ ರೋಗವಲ್ಲ. ಪಕ್ಕದಲ್ಲಿ ನುಡಿಸುವವನು ಒಂದು ಸಲ ತಿರುಗಿ ನೋಡಿದ್ದರೆ, 'ತಂಗಿಯವರೇ, ಸ್ವಲ್ಪ ತಡ ಆಯ್ತು' ಎಂದಿದ್ದರೆ, ವಾರದಲ್ಲಿ ಸರಿಹೋಗುವಂಥದ್ದು. ಆದರೆ ತಡವಾಯಿತು ಎಂದು ಹೇಳುವುದಕ್ಕಾದರೂ ಅದು ಯಾರಿಗಾದರೂ ಕೇಳಿಸಬೇಕಲ್ಲ! ಅವಳಿಗೆ ಅಳು ಬಂತು. ದುಃಖಕ್ಕಲ್ಲ, ರೋಷಕ್ಕೆ. ಅವರು ಅವಳ ಕೊಳಲನ್ನು ಮಾತ್ರ ಕಸಿದಿರಲಿಲ್ಲ, ಅವಳ ತಪ್ಪುಗಳನ್ನೂ ಕಸಿದುಕೊಂಡಿದ್ದರು. ತಪ್ಪೇ ಇಲ್ಲದವಳ ಹಾಗೆ, ಎಂದರೆ ಇಲ್ಲವೇ ಇಲ್ಲದವಳ ಹಾಗೆ, ಇಷ್ಟು ಕಾಲ ಅವಳನ್ನು ಹೆಬ್ಬೆರಳು ಎತ್ತಿ ಹೊಗಳಿದ್ದರು. ಇಂಥ ಮರ್ಯಾದೆಗಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ವಾಸಿ.

ಕಣ್ಣೊರೆಸಿಕೊಂಡು ಕೂತಳು. ಅಂದೂ ನುಡಿಸಿದಳು, ಮರುದಿನವೂ ನುಡಿಸಿದಳು, ಕೇಳಿದಳು, ಮತ್ತೆ ನುಡಿಸಿದಳು. ಕೆಳಗಿನಿಂದ ಅತ್ತಿಗೆ 'ಸ್ವಲ್ಪ ಸದ್ದು ಕಮ್ಮಿ ಮಾಡ್ತೀಯಾ' ಎಂದು ಕೂಗಿದಾಗ ನಾಬನ್ನು ಇನ್ನೊಂದಿಷ್ಟು ಬಲಕ್ಕೆ ತಿರುಗಿಸಿದಳು.

ಮುಂದಿನ ಕಾರ್ಯಕ್ರಮ ಒಂದು ಮದುವೆಯ ಸಂಜೆ. ಹಾಲ್ ತುಂಬಿತ್ತು, ಇನ್ನೂ ಜನ ಬರುತ್ತಿದ್ದರು. ಅಣ್ಣ ಸ್ಟ್ಯಾಂಡಿನ ಕೆಳಗೆ ತಡಕಾಡುತ್ತಿದ್ದ.

'ಡಬ್ಬಿ ಎಲ್ಲಿ?'

'ನನ್ನ ಹತ್ರ' ಎಂದಳು ತಂಗಿ. ಅವಳ ಕೀಬೋರ್ಡಿನ ಪಕ್ಕದ ಸ್ಟೂಲಿನ ಮೇಲೆ ಡಬ್ಬಿ ಕೂತಿತ್ತು, ಕೆಂಪು ದೀಪ ಹತ್ತಿತ್ತು.

'ಇಲ್ಲಿ ಕೊಡು.'

'ಕೊಡಲ್ಲ. ವೈರ್ ಕೊಡೋರು ಕೊಡಿ, ನಾನು ಹಾಕ್ತೀನಿ.'

ಅಣ್ಣ ಹಲ್ಲು ಕಡಿದ. ಆದರೆ ಮದುಮಗಳ ಅಪ್ಪ 'ಶುರು ಮಾಡಿ, ಶುರು ಮಾಡಿ' ಎಂದು ಕೈ ಬೀಸುತ್ತಿದ್ದರು. ಅಷ್ಟು ಜನರ ಎದುರು ಡಬ್ಬಿಗಾಗಿ ತಂಗಿಯ ಜೊತೆ ಕಿತ್ತಾಡುವುದಕ್ಕಾಗುತ್ತದೆಯೇ? ಮೊದಲು ಗಿಟಾರಿನವನು ತಂದು ವೈರ್ ಕೊಟ್ಟ. ಆಮೇಲೆ ಪ್ಯಾಡಿನವನು, ಕೊನೆಗೆ ಮಾಸ್ಟರ್. ಅವಳು ಮೂವರನ್ನೂ ನುಡಿಸಲು ಹೇಳಿ, ವೇದಿಕೆ ಇಳಿದು ಹಾಲ್‌ನ ನಡುವೆ ನಿಂತು ಕೇಳಿ ಬಂದು ನಾಬ್‌ಗಳನ್ನು ಸರಿಮಾಡಿದಳು. ಅಣ್ಣ ಒಂದು ದಿನವೂ ಹಾಗೆ ಇಳಿದು ಕೇಳಿರಲಿಲ್ಲ. ತನ್ನ ಸರದಿ ಬಂದಾಗ ಗಿಟಾರಿನವನನ್ನು ಕೆಳಗೆ ಕಳಿಸಿದಳು. ಅವನು ಅಲ್ಲಿಂದ, 'ಬರ್ತಿದೆ ತಂಗಿಯವರೇ! ಚೆನ್ನಾಗಿ ಬರ್ತಿದೆ!' ಎಂದು ಕೂಗಿದ. ಕುರ್ಚಿಯಲ್ಲಿ ಕೂತಿದ್ದ ಕೆಲವರು ತಿರುಗಿ ನೋಡಿ ನಕ್ಕರು.

ಹಾಡುಗಳು ನಡೆದವು. ಅಣ್ಣ ಅವಳತ್ತ ನೋಡದೆಯೇ ಹಾಡಿದ. ಹಾಡಿನ ಸಂದುಗಳಲ್ಲಿ ಪಿಟೀಲು ಬಂದಾಗ ಮಾಸ್ಟರ್‌ನ ತಲೆ ತಾನಾಗಿಯೇ ಇವಳತ್ತ ಹೊರಳುತ್ತಿತ್ತು. ಕೊನೆಗೆ ಆ ನಿಧಾನದ ಹಾಡು ಬಂತು. ಗಿಟಾರ್ ನಿಂತಿತು, ಪ್ಯಾಡ್ ನಿಂತಿತು. ಅಭ್ಯಾಸ ಎಲ್ಲಿ ಬಿಡುತ್ತದೆ? ಅಣ್ಣ ಮೈಕ್ ಬಾಯಿಗಿಟ್ಟು 'ದಯವಿಟ್ಟು ಎಲ್ಲರೂ' ಎಂದ. ಅಷ್ಟರಲ್ಲಿ ಕೊಳಲು ಎದ್ದಿತು. ಇಡೀ ಹಾಲ್ ತುಂಬ, ಗೋಡೆಯಿಂದ ಗೋಡೆಗೆ. ಅಣ್ಣನ ಮಾತು ಅಲ್ಲಿಗೇ ನಿಂತಿತು. ತಿನ್ನುತ್ತಿದ್ದವರು, ಮಾತಾಡುತ್ತಿದ್ದವರು ವೇದಿಕೆಯ ಕಡೆ ನೋಡಿದರು.

ಇಷ್ಟೊಂದು ಕಣ್ಣು ಒಮ್ಮೆಗೇ ತನ್ನ ಮೇಲೆ ಬಿದ್ದದ್ದು ತಂಗಿಗೆ ಹೊಸದು. ಎರಡನೆಯ ತಿರುವಿನಲ್ಲಿ ಕಿರುಬೆರಳು ಜಾರಿತು. ತಪ್ಪು ಸ್ವರ, ಎಳ್ಳಷ್ಟೂ ಅನುಮಾನವಿಲ್ಲದ ತಪ್ಪು ಸ್ವರ, ಹಾಲ್‌ನ ಕೊನೆಯ ಸಾಲಿನವರೆಗೂ ಹೋಗಿ ಮುಟ್ಟಿತು. ಮುಂದೆ ಕೂತಿದ್ದ ಒಬ್ಬ ಮುದುಕರು ಮುಖ ಕಿವುಚಿದರು. ಗಿಟಾರಿನವನು ಫಕ್ಕನೆ ತಿರುಗಿ ನೋಡಿದ.

ಅಣ್ಣ ಮೈಕಿಗೆ ಕೈ ಅಡ್ಡ ಹಿಡಿದು ಅವಳತ್ತ ಬಗ್ಗಿದ. ಅವನ ಮುಖದಲ್ಲಿ ಗೆದ್ದ ಕಳೆ ಇತ್ತು.

'ನೋಡಿದ್ಯಾ? ತಪ್ಪು ನುಡಿಸಿದೆ!'

'ಕೇಳಿಸ್ತಾ ಅಣ್ಣ?' ಎಂದಳು ತಂಗಿ. ಅವನು ಬಾಯಿ ತೆರೆಯುವ ಮೊದಲೇ ಅದೇ ತಿರುವನ್ನು ಮೊದಲಿನಿಂದ ಹಿಡಿದು ಇನ್ನೊಂದು ಸಲ ನುಡಿಸಿದಳು.